ಕೋಡಿಬಾಗದ ಮನೆಯ ಬಗ್ಗೆ ನಮ್ಮ ಬಳಗದಲ್ಲಿ ನಡೆದ ವಾದ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಹಿರಿಯರ ಮನೆಗೆ ಬೀಗ ಬಿದ್ದಿದೆ. ಅದನ್ನು ಏನು ಮಾಡಬೇಕೆಂದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮಾತು ನಡೆಯುತ್ತಿದ್ದಾಗ ಇಂಗ್ಲೆಂಡಿನಲ್ಲಿರುವ ತಮ್ಮ ಒಂದು ಲೇಖನವನ್ನು ಹಂಚಿಕೊಂಡ. ಮುಂದಿನ ಚರ್ಚೆಯನ್ನು ಎಲ್ಲರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ಇಲ್ಲಿ ಕೊಡುತ್ತಿದ್ದೇನೆ.

ತಮ್ಮ (ಕೇಂಬ್ರಿಜ್): ಎಲ್ಲರಿಗೂ ನಮಸ್ಕಾರ. ಮೇಲಿನ ಲೇಖನ ನಮ್ಮ ಊರಿನ ಪಕ್ಕದ ಲ್ಯಾಂಡ್‌ಬೀಚ್ ಎಂಬ ಹಳ್ಳಿಯಲ್ಲಿರುವ ಎಮ್ಮಾವುಸ್ ಸಮುದಾಯದ ಕುರಿತದ್ದು. 1992ರಲ್ಲಿ ಆರಂಭವಾದ ಅದು ಬ್ರಿಟನ್ನಿನಲ್ಲಿ ಈ ಬಗೆಯ ಮೊದಲ ಸಮುದಾಯ. ಮನೆಯಿಲ್ಲದವರು ಅಲ್ಲಿಗೆ ಬಂದು ನೆಲೆಸುತ್ತಾರೆ; ಅವರಿಗೆ ಸ್ವಂತ ಕೋಣೆ, ಊಟ ಮತ್ತು ವಾರಕ್ಕಿಷ್ಟು ಕೈಖರ್ಚಿನ ಹಣ ಸಿಗುತ್ತದೆ. ಊರಿನವರು ಕೊಡುವ ಹಳೆಯ ಮೇಜು, ಕಪಾಟು, ಬಟ್ಟೆ, ವಿದ್ಯುತ್ ಉಪಕರಣಗಳನ್ನು ಅವರೇ ಹೋಗಿ ತಂದು, ರಿಪೇರಿ ಮಾಡಿ, ಸಮುದಾಯದ ಅಂಗಡಿಯಲ್ಲಿ ಮಾರುತ್ತಾರೆ, ಆ ಗಳಿಕೆಯಿಂದಲೇ ಮನೆಯ ಖರ್ಚಿನ ದೊಡ್ಡ ಪಾಲು ಸಾಗುತ್ತದೆ. ಕೋಡಿಬಾಗದ ಮನೆಯ ತುಂಬ ಹಂಡೆ, ಮಂಚ, ಕಪಾಟುಗಳಿವೆ. ಅವನ್ನು ಗುಜರಿಗೆ ತೂಗಿ ಕೊಡುವ ಮೊದಲು ಇಂಥದ್ದೊಂದನ್ನು ಅಲ್ಲಿಯೇ ಆರಂಭಿಸಲಾಗದೇ ಎಂದು ಎಲ್ಲರೂ ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ.

ದೊಡ್ಡಪ್ಪ (ಶಿರಸಿ): ಮಾಣಿ, ಲೇಖನವನ್ನು ಪೂರ್ತಿ ಓದಿದೆ. ನನಗೆ ಒಪ್ಪಿಗೆಯಿಲ್ಲ. ಹಸಿದು ಬಂದವರಿಗೆ ನಮ್ಮ ಮನೆಯ ಜಗಲಿಯಲ್ಲಿ ಬಾಳೆ ಹಾಕುವಾಗ, ಮೊದಲು ಸೌದೆ ಒಡೆದು ಬಾ ಎಂದು ಯಾರೂ ಹೇಳಿದ್ದಿಲ್ಲ. ದುಡಿಸಿಕೊಂಡು ಅನ್ನ ಹಾಕುವುದನ್ನು ದಾನವೆಂದು ಕರೆಯಬಾರದು. ಎರಡನೆಯದಾಗಿ, ಸರ್ಕಾರದ ನಿರಾಶ್ರಿತರ ಪರಿಹಾರ ಕೇಂದ್ರಗಳಿವೆ. ಅವುಗಳಿಗಾಗಿ ನಾವು ಆಸ್ತಿ ತೆರಿಗೆಯ ಜೊತೆಗೆ ಶೇಕಡಾ 3ರಷ್ಟು ಉಪಕರವನ್ನು ಕಟ್ಟುತ್ತಿದ್ದೇವೆ. ಮೂರನೆಯದಾಗಿ, ಚಳಿಯಲ್ಲಿ ಜನ ಸಾಯುವ ದೇಶದ ವ್ಯವಸ್ಥೆ ನಮ್ಮ ಕರಾವಳಿಗೆ ಏಕೆ ಬೇಕು?

ನಾನು: ದೊಡ್ಡಪ್ಪ, ನಿಮ್ಮ ಮೊದಲ ಮಾತೇ ಮುಖ್ಯವಾದದ್ದರಿಂದ ಅದಕ್ಕೆ ವಿವರವಾಗಿ ಉತ್ತರಿಸುತ್ತೇನೆ. 1949ರಲ್ಲಿ ಪ್ಯಾರಿಸ್ಸಿನ ಹೊರವಲಯದ ನ್ಯುಯಿ-ಪ್ಲೆಸಾನ್ಸ್ ಎಂಬಲ್ಲಿ ಈ ಎಮ್ಮಾವುಸ್ ಚಳವಳಿ ಹುಟ್ಟಿತು. ಅದನ್ನು ಕಟ್ಟಿದವರು ಅಬ್ಬೆ ಪಿಯೇರ್ ಎಂದು ಹೆಸರಾದ ಪಾದ್ರಿ. ಕೊಲೆಯ ಅಪರಾಧಕ್ಕೆ ದೂರದ ವಸಾಹತಿನಲ್ಲಿ ಶಿಕ್ಷೆ ಅನುಭವಿಸಿ ಮರಳಿದ ಜಾರ್ಜ್ ಎಂಬಾತ ಬದುಕು ಬೇಡವಾಗಿ ಆತ್ಮಹತ್ಯೆಗೆ ಯತ್ನಿಸಿದ್ದಾಗ ಆ ಪಾದ್ರಿಯನ್ನು ಕರೆಸಲಾಯಿತು. ಅವರು ಆತನಿಗೆ ಹಣವನ್ನೂ ಕೊಡಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಕೊಡಲು ತನ್ನ ಬಳಿ ಏನೂ ಇಲ್ಲವೆಂದೂ, ಸೂರಿಲ್ಲದ ಕುಟುಂಬಗಳಿಗೆ ಮನೆ ಕಟ್ಟುವ ಕೆಲಸಕ್ಕೆ ಕೈ ಸಾಲುತ್ತಿಲ್ಲವೆಂದೂ, ಸಾಯುವ ಮೊದಲು ಬಂದು ನೆರವಾಗಬಹುದೇ ಎಂದೂ ಕೇಳಿದರು. ಜಾರ್ಜ್ ಬಂದು ಮೊದಲ ಒಡನಾಡಿಯಾದ; ಈ ಸಮುದಾಯಗಳಲ್ಲಿ ನೆಲೆಸಿ ದುಡಿಯುವವರನ್ನು ಹಾಗೆಯೇ ಕರೆಯುತ್ತಾರೆ. ಜಗಲಿಯಲ್ಲಿ ಉಂಡು ಹೋದವನಿಗೆ ಹೊಟ್ಟೆ ತುಂಬಿತು ನಿಜ, ಆದರೆ ಮರುದಿನ ತನ್ನಿಂದ ಯಾರಿಗಾದರೂ ಉಪಯೋಗವಿದೆ ಎಂಬ ನೆಚ್ಚಿಕೆ ಅವನಿಗೆ ಎಲ್ಲಿಂದ ಬರಬೇಕು? ಊಟಕ್ಕೆ ಕೆಲಸವನ್ನು ಬೆಲೆಯಾಗಿ ಕಟ್ಟುವುದನ್ನು ನಾನೂ ಒಪ್ಪುವುದಿಲ್ಲ. ಆದರೆ ನಿನ್ನ ನೆರವು ನಮಗೆ ಬೇಕು ಎಂದು ಒಬ್ಬನನ್ನು ಕೇಳಿಕೊಳ್ಳುವುದು ಅದಕ್ಕಿಂತ ಬೇರೆಯಾದ ಕೆಲಸ.

ಸರ್ಕಾರದ ಕೇಂದ್ರಗಳು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಅಡಿಯಲ್ಲಿ ನಡೆಯುವಂಥವು. ಭಿಕ್ಷೆ ಬೇಡುವವರನ್ನು ಹಿಡಿದು ತಂದು ಇರಿಸುವ ಅಧಿಕಾರವನ್ನು ಆ ಕಾಯ್ದೆ ಕೊಡುತ್ತದೆ. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಹಲವರು ಸತ್ತ ಸುದ್ದಿಯನ್ನು ನೀವೇ ಪತ್ರಿಕೆಯಲ್ಲಿ ಓದಿ ನೊಂದುಕೊಂಡಿದ್ದಿರಿ. ತಾವಾಗಿ ಬಂದು, ಬೇಡವೆನಿಸಿದಾಗ ತಾವಾಗಿ ಹೊರಡಬಹುದಾದ ಮನೆಯನ್ನು ಅದರ ಜೊತೆ ಹೋಲಿಸಲು ಬರುವುದಿಲ್ಲ.

ಭಾವ (ಕಾರವಾರ): ನಾನು ವಕೀಲನಾಗಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಊಟ, ಕೋಣೆ ಮತ್ತು ಅಲ್ಪ ಕೈಖರ್ಚು ಕೊಟ್ಟು ವಾರವಿಡೀ ದುಡಿಸುವ ವ್ಯವಸ್ಥೆ ಬ್ರಿಟನ್ನಿನಲ್ಲಿ ಸಲ್ಲಬಹುದು. ನಮ್ಮಲ್ಲಿ ಅದು ಜೀತದ ಗಡಿಗೆ ಬಂದು ನಿಲ್ಲುತ್ತದೆ. ಸಂವಿಧಾನದ 23ನೇ ವಿಧಿ ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ ಎಂದು ತೀರ್ಪಿತ್ತಿತು, ಏಕೆಂದರೆ ಹಸಿವು ಕೂಡ ಒಂದು ಬಲವಂತ. ಮರುವರ್ಷ ರಾಜಸ್ಥಾನದ ಬರ ಪರಿಹಾರ ಕಾಮಗಾರಿಯ ಪ್ರಕರಣದಲ್ಲಿ, ಇದು ಪರಿಹಾರವೇ ಹೊರತು ಉದ್ಯೋಗವಲ್ಲ, ಆದ್ದರಿಂದ ಕಡಿಮೆ ಕೂಲಿ ಕೊಟ್ಟರೂ ನಡೆಯುತ್ತದೆ ಎಂಬ ವಾದವನ್ನೂ ನ್ಯಾಯಾಲಯ ತಳ್ಳಿಹಾಕಿತು. ತಮ್ಮ ಹಂಚಿಕೊಂಡ ಲೇಖನದ ವ್ಯವಸ್ಥೆಗೆ ಈ ಎರಡನೇ ತೀರ್ಪು ನೇರವಾಗಿ ತಾಗುತ್ತದೆ.

ತಮ್ಮ (ಕೇಂಬ್ರಿಜ್): ಭಾವ, ಇಲ್ಲಿ ಯಾರನ್ನೂ ಬಲವಂತವಾಗಿ ಇಟ್ಟುಕೊಂಡಿಲ್ಲ. ಫ್ರಾನ್ಸ್ 2008ರಲ್ಲಿ ಕಾನೂನು ಮಾಡಿ, ಇಂಥ ಸಮುದಾಯದಲ್ಲಿರುವವರು ನೌಕರರಲ್ಲ, ಒಟ್ಟಾಗಿ ಬದುಕು ನಡೆಸುವವರು ಎಂದು ಅವರಿಗೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟಿದೆ.

ಭಾವ (ಕಾರವಾರ): ಅದೇ ಫ್ರಾನ್ಸಿನ ಉತ್ತರ ಭಾಗದ ಕೆಲವು ಸಮುದಾಯಗಳಲ್ಲಿ 2023ರಲ್ಲಿ ದಾಖಲೆಪತ್ರಗಳಿಲ್ಲದ ವಲಸಿಗ ಒಡನಾಡಿಗಳು ಮುಷ್ಕರ ಹೂಡಿದರು ಎಂಬುದನ್ನೂ ನೋಡು. ವಾಸದ ಪರವಾನಗಿ ಸಿಗುತ್ತದೆಂಬ ಆಸೆಯಿಂದ ವರ್ಷಗಟ್ಟಲೆ ದುಡಿದೆವು, ನಮಗೆ ನೌಕರರ ಹಕ್ಕುಗಳೂ ಇಲ್ಲ, ಬಿಟ್ಟು ಹೋಗಲು ಬೇರೆ ಜಾಗವೂ ಇಲ್ಲ ಎಂಬುದು ಅವರ ದೂರಾಗಿತ್ತು. ಬಾಗಿಲು ತೆರೆದಿದ್ದರೂ ಹೊರಗೆ ಹೋಗಲು ಜಾಗವಿಲ್ಲದವನು ಸ್ವತಂತ್ರನೇ ಎಂಬ ಪ್ರಶ್ನೆಗೆ ನಿನ್ನ ಲೇಖನದಲ್ಲಿ ಉತ್ತರವಿಲ್ಲ.

ಚಿಕ್ಕಿ (ಕುಮಟಾ): ನೀವೆಲ್ಲ ಕೆಲಸದ ಬಗ್ಗೆ ಬರೆಯುತ್ತಿದ್ದೀರಿ. ನಾನು ದಾದಿಯಾಗಿ ದುಡಿದವಳು. ರಸ್ತೆಯಲ್ಲಿ ಮಲಗುವವರನ್ನು ವಾರ್ಡಿನಲ್ಲಿ ನೋಡಿದ್ದೇನೆ. ಅವರಲ್ಲಿ ಎಷ್ಟೋ ಜನ ಬಂದ ದಿನವೇ ಕಪಾಟಿಗೆ ಬಣ್ಣ ಹೊಡೆಯುವ ಸ್ಥಿತಿಯಲ್ಲಿರುವುದಿಲ್ಲ. ಕೊಂಕಣ ರೈಲಿನಲ್ಲಿ ಎಲ್ಲಿಂದಲೋ ಬಂದು ಭಾಷೆ ಬಾರದ ನಿಲ್ದಾಣದಲ್ಲಿ ಇಳಿದವರು, ಮಾತ್ರೆ ನಿಂತುಹೋಗಿ ಮನಸ್ಸು ಕೆಟ್ಟವರು, ಮಕ್ಕಳು ಜಾತ್ರೆಯಲ್ಲಿ ಬಿಟ್ಟು ಹೋದ ಮುದುಕಿಯರು, ಕಾಲಿನ ಹುಣ್ಣು ಕೊಳೆತವರು. ಅವರಿಗೆ ಮೊದಲು ಬೇಕಾದದ್ದು ಹಾಸಿಗೆ, ಸ್ನಾನ, ನಿದ್ದೆ ಮತ್ತು ಔಷಧ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಅಲೆದಾಡುವ ಅಸ್ವಸ್ಥರನ್ನು ರಕ್ಷಿಸಿ ಆಸ್ಪತ್ರೆಗೆ ಕರೆದೊಯ್ಯುವ ಹೊಣೆಯನ್ನು ಪೊಲೀಸರ ಮೇಲೆ ಹೊರಿಸಿದೆ. ಚೆನ್ನೈನ ಬ್ಯಾನಿಯನ್ ಸಂಸ್ಥೆ 1993ರಿಂದ ಬೀದಿಯಲ್ಲಿದ್ದ ಅಸ್ವಸ್ಥ ಮಹಿಳೆಯರಿಗಾಗಿ ದುಡಿಯುತ್ತಿದೆ. ಅಲ್ಲಿಯೂ ಮೊದಲು ಆರೈಕೆ, ಉಳಿದದ್ದೆಲ್ಲ ಆಮೇಲೆ. ದುಡಿಯಬಲ್ಲವರಿಗೆ ಮಾತ್ರ ಬಾಗಿಲು ತೆರೆಯುವ ಮನೆಗೆ ನನ್ನ ಪಾಲಿನ ಒಪ್ಪಿಗೆಯಿಲ್ಲ.

ದೊಡ್ಡಪ್ಪ (ಶಿರಸಿ): ಇನ್ನೊಂದು ವಿಷಯವನ್ನು ಯಾರೂ ಎತ್ತಲಿಲ್ಲ. ಕೂಸೇ, ನೀನು ಅಷ್ಟು ಗೌರವದಿಂದ ಬರೆದ ಆ ಪಾದ್ರಿಯ ಮೇಲೆ ಅವರ ಮರಣಾನಂತರ ಎಂಥ ಆರೋಪಗಳು ಬಂದಿವೆ ಎಂಬುದು ನಿನಗೆ ತಿಳಿದಿದೆಯೇ?

ನಾನು: ತಿಳಿದಿದೆ ದೊಡ್ಡಪ್ಪ. ಅವರು ತೀರಿಕೊಂಡದ್ದು 2007ರಲ್ಲಿ. 2024ರ ಜುಲೈಯಲ್ಲಿ ಎಮ್ಮಾವುಸ್ ಚಳವಳಿಯೇ ಹೊರಗಿನವರಿಂದ ವಿಚಾರಣೆ ಮಾಡಿಸಿ, ಹಲವು ಮಹಿಳೆಯರು ಅವರ ಮೇಲೆ ಹೊರಿಸಿದ ಲೈಂಗಿಕ ದೌರ್ಜನ್ಯದ ಆರೋಪಗಳನ್ನು ಪ್ರಕಟಿಸಿತು. ಆಮೇಲೆ ಇನ್ನಷ್ಟು ಮಹಿಳೆಯರು ಮಾತನಾಡಿದರು. ಅವರ ಹೆಸರಿನಲ್ಲಿದ್ದ ಪ್ರತಿಷ್ಠಾನ ತನ್ನ ಹೆಸರನ್ನು ಬದಲಿಸಿಕೊಂಡಿತು. ಆ ಮಹಿಳೆಯರ ಮಾತನ್ನು ನಾನು ನಂಬುತ್ತೇನೆ. ಜಾರ್ಜ್‌ಗೆ ಅವರು ಹೇಳಿದ ಮಾತು ನಿಜ, ಈ ಮಹಿಳೆಯರಿಗೆ ಆದದ್ದೂ ನಿಜ, ಒಂದನ್ನು ಇನ್ನೊಂದು ಅಳಿಸುವುದಿಲ್ಲ. ನಮ್ಮ ಮಟ್ಟಿಗೆ ಇದರಿಂದ ಬರುವ ಕೆಲಸ ಇಷ್ಟು: ಒಬ್ಬ ವ್ಯಕ್ತಿಯ ಒಳ್ಳೆಯತನದ ಮೇಲೆ ಈ ಮನೆ ನಿಲ್ಲಬಾರದು. ಅಲ್ಲಿರುವ ಹೆಂಗಸರು ನಮ್ಮ ಕುಟುಂಬದವರ ಕೈಗೆ ಸಿಗದ ಹೊರಗಿನವರೊಬ್ಬರಲ್ಲಿ ದೂರು ಹೇಳುವ ವ್ಯವಸ್ಥೆ ಮೊದಲ ದಿನದಿಂದಲೇ ಇರಬೇಕು, ಏಕೆಂದರೆ ಆಶ್ರಯ ಕೊಟ್ಟವರ ವಿರುದ್ಧ ಬಾಯಿ ತೆರೆಯುವುದು ಆಶ್ರಯ ಪಡೆದವರಿಗೆ ಎಷ್ಟು ಕಷ್ಟವೆಂಬುದನ್ನು ಫ್ರಾನ್ಸಿನ ಘಟನೆ ತೋರಿಸಿದೆ.

ಭಾವ ಮತ್ತು ಚಿಕ್ಕಿ ಹೇಳಿದ್ದನ್ನು ಒಟ್ಟಿಗಿಟ್ಟು ನೋಡಿದರೆ ನನ್ನ ನಿಲುವು ಹೀಗಿದೆ. ಹಾಸಿಗೆ ಮತ್ತು ಊಟಕ್ಕೆ ಯಾವ ಷರತ್ತೂ ಇರಬಾರದು. ಕೆಲಸಕ್ಕೆ ಆಹ್ವಾನವಿರಬೇಕು, ಒತ್ತಾಯವಿರಬಾರದು. ಕೆಲಸ ಮಾಡಿದವರಿಗೆ ಕಾನೂನಿನ ಪೂರ್ಣ ಕೂಲಿ ಅವರದೇ ಬ್ಯಾಂಕ್ ಖಾತೆಗೆ ಹೋಗಬೇಕು. ಎಮ್ಮಾವುಸ್‌ನಿಂದ ನಾವು ಕಲಿಯಬೇಕಾದದ್ದು ಹಳೆಯ ಸಾಮಾನಿಗೂ ಬದಿಗೆ ಬಿದ್ದ ಮನುಷ್ಯನಿಗೂ ಒಂದೇ ಅಂಗಳದಲ್ಲಿ ಮತ್ತೆ ಬದುಕು ಕಟ್ಟುವ ಬಗೆಯನ್ನು. ಕೈಖರ್ಚಿನ ಪದ್ಧತಿಯನ್ನು ತರಬೇಕಾಗಿಲ್ಲ. ಪೂರ್ಣ ಕೂಲಿ ಕೊಟ್ಟರೆ ಅಂಗಡಿ ನಡೆಯುವುದಿಲ್ಲವೆಂದು ತಮ್ಮ ಹೇಳಬಹುದು. ಹಾಗಿದ್ದರೆ ಅಂಗಡಿ ಸಣ್ಣದಾಗಿರಲಿ, ಆಶ್ರಯದ ಖರ್ಚನ್ನು ಬೇರೆ ದೇಣಿಗೆಯಿಂದ ನಡೆಸೋಣ. ಎರಡರ ಲೆಕ್ಕವನ್ನು ಎಂದೂ ಬೆರೆಸಬಾರದು.

ಅಂಗಡಿಯ ವಿಷಯದಲ್ಲಿ ನನಗೆ ಭರವಸೆಯಿದೆ, ಅದಕ್ಕೆ ಕಾರಣ ಕಾರವಾರವೇ. ಸೀಬರ್ಡ್ ನೌಕಾನೆಲೆ, ಕೈಗಾ ಅಣು ವಿದ್ಯುತ್ ಕೇಂದ್ರ, ವೈದ್ಯಕೀಯ ಕಾಲೇಜು, ಜಿಲ್ಲಾ ಕೇಂದ್ರದ ಕಚೇರಿಗಳು ಇರುವುದರಿಂದ ಇಲ್ಲಿ ವರ್ಗವಾಗಿ ಹೋಗುವವರಿಗೂ ವರ್ಗವಾಗಿ ಬರುವವರಿಗೂ ಕೊನೆಯಿಲ್ಲ. ಹೋಗುವವರು ಮಂಚ, ಫ್ರಿಜ್, ವಾಷಿಂಗ್ ಮಷಿನ್, ಮಕ್ಕಳ ಸೈಕಲ್ಲುಗಳನ್ನು ಲಾರಿ ಬಾಡಿಗೆಗೆ ಹೆದರಿ ಸಿಕ್ಕ ಬೆಲೆಗೆ ಬಿಟ್ಟು ಹೋಗುತ್ತಾರೆ. ಬರುವವರು ಅವೇ ಸಾಮಾನುಗಳನ್ನು ಹುಡುಕುತ್ತಾ ಓಡಾಡುತ್ತಾರೆ. ನಡುವೆ ಫ್ಯಾನಿನ ವೈಂಡಿಂಗ್ ಕಟ್ಟುವ, ಮಿಕ್ಸರ್ ಸರಿಪಡಿಸುವ, ಮಂಚಕ್ಕೆ ಪಾಲಿಶ್ ಹಾಕುವ, ಕಪಾಟಿನ ತುಕ್ಕು ಉಜ್ಜಿ ಬಣ್ಣ ಹೊಡೆಯುವ ಕೈಗಳು ಬೇಕು. ಈ ಕೆಲಸಗಳನ್ನು ಕಲಿಸಬಹುದು, ಮತ್ತು ಕಲಿತವನು ಎಲ್ಲಿಗೆ ಹೋದರೂ ಅವು ಅವನ ಜೊತೆಗಿರುತ್ತವೆ. ನಮ್ಮ ಮಳೆಗಾಲದಲ್ಲಿ ಹಾಸಿಗೆ, ದಿಂಬು, ಪುಸ್ತಕಗಳಿಗೆ ಬೂಸ್ಟು ಹಿಡಿಯುವುದು ನಿಶ್ಚಿತ. ಆದ್ದರಿಂದ ಹತ್ತಿಯ ವಸ್ತುಗಳನ್ನು ತೆಗೆದುಕೊಳ್ಳಲೇಬಾರದು, ಉಳಿದ ಸಾಮಾನನ್ನು ನೆಲದಲ್ಲಿಡದೆ ಮೆತ್ತಿನ (ಅಟ್ಟದ) ಮೇಲೆ ಇಡಬೇಕು.

ನೀವು ತೋಟಗಾರ್ಸ್ ಸೊಸೈಟಿಯ ಸದಸ್ಯರು, ದೊಡ್ಡಪ್ಪ. 1923ರಲ್ಲಿ ಶಿರಸಿಯ ಅಡಿಕೆ ಬೆಳೆಗಾರರು ಒಟ್ಟಾಗಿ ತಮ್ಮದೇ ಮಾರಾಟ ಸಂಘವನ್ನು ಕಟ್ಟಿಕೊಂಡರು. ಅಂಗಡಿಯಲ್ಲಿ ದುಡಿಯುವವರು ಮುಂದೆ ತಾವೇ ಅದರ ಸದಸ್ಯರಾಗುವಂತೆ ಸಹಕಾರಿ ಸಂಘವನ್ನು ಮಾಡಿದರೆ ಭಾವನ ಜೀತದ ಆತಂಕಕ್ಕೆ ಅದಕ್ಕಿಂತ ಗಟ್ಟಿಯಾದ ಉತ್ತರವಿಲ್ಲ.

ಚಿಕ್ಕಿ (ಕುಮಟಾ): ಇದು ಪರದೇಶದ ಸಮಸ್ಯೆ ಎಂದು ಆರಂಭದಲ್ಲಿ ಬಂದ ಮಾತಿಗೆ ಯಾರೂ ಉತ್ತರಿಸಲಿಲ್ಲ. ಸೀಬರ್ಡ್‌ಗಾಗಿ, ಕದ್ರಾ ಮತ್ತು ಕೊಡಸಳ್ಳಿ ಅಣೆಕಟ್ಟುಗಳಿಗಾಗಿ ಮನೆ ಬಿಟ್ಟವರಿರುವ ಜಿಲ್ಲೆ ನಮ್ಮದು. ಪರಿಹಾರದ ಹಣ ಕರಗಿದ ಮೇಲೆ ಒಬ್ಬ ಮನುಷ್ಯ ಹೇಗೆ ಕುಡಿತಕ್ಕೆ ಬಿದ್ದು ಬೀದಿಗೆ ಬರುತ್ತಾನೆಂಬುದನ್ನು ಹೊರಗಿನವರು ನಮಗೆ ಹೇಳಿಕೊಡಬೇಕಾಗಿಲ್ಲ. ನಗರದ ಲಕ್ಷ ಜನಸಂಖ್ಯೆಗೆ ಒಂದರಂತೆ ಆಶ್ರಯ ಕೇಂದ್ರವಿರಬೇಕೆಂಬ ಲೆಕ್ಕವನ್ನು ಸುಪ್ರೀಂ ಕೋರ್ಟ್ 2010ರಲ್ಲಿ ದೊಡ್ಡ ನಗರಗಳನ್ನು ನೋಡಿ ಹಾಕಿತು. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಯಾವ ಪಟ್ಟಣವೂ ಲಕ್ಷವನ್ನು ಮುಟ್ಟಿಲ್ಲ. ಸಣ್ಣ ಊರುಗಳಲ್ಲಿ ಇಂಥವರು ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ಬರುವುದಿಲ್ಲ.

ದೊಡ್ಡಪ್ಪ (ಶಿರಸಿ): ನಿಮ್ಮ ಮಾತುಗಳಲ್ಲಿ ಸತ್ವವಿದೆ. ಮೂರು ವರ್ಷಗಳ ಕರಾರಿನ ಮೇಲೆ ಕೆಳಗಿನ ಅಂತಸ್ತನ್ನೂ ಹಿಂದಿನ ಗೋದಾಮನ್ನೂ ಬಿಟ್ಟುಕೊಡಲು ನನ್ನ ಒಪ್ಪಿಗೆಯಿದೆ. ಅಳಿಯಂದಿರು ಕರಡನ್ನು ಸಿದ್ಧಪಡಿಸಲಿ. ಆದರೆ ಒಂದು ಕಲಂ ಇರಲೇಬೇಕು: ಮನೆಯೊಳಗೆ ಕುಡಿದವರನ್ನು ಆ ಕ್ಷಣವೇ ಹೊರಗೆ ಕಳುಹಿಸಬೇಕು. ಎಮ್ಮಾವುಸ್‌ನಲ್ಲಿಯೂ ಆವರಣದೊಳಗೆ ಮದ್ಯಕ್ಕೆ ಅವಕಾಶವಿಲ್ಲವಲ್ಲ.

ನಾನು: ಆವರಣದಲ್ಲಿ ಮದ್ಯ ಬೇಡ ಎಂಬುದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ, ಆದರೆ ಆ ಕ್ಷಣವೇ ಎಂಬ ಮಾತಿಗೆ ಇಲ್ಲ. 1954ರ ಫೆಬ್ರವರಿಯ ಮೊದಲ ದಿನ ಅಬ್ಬೆ ಪಿಯೇರ್ ರೇಡಿಯೋದಲ್ಲಿ ನೆರವಿಗಾಗಿ ಮೊರೆಯಿಟ್ಟದ್ದು ಒಬ್ಬ ಹೆಂಗಸಿನ ಸಾವಿನಿಂದಾಗಿ. ಪ್ಯಾರಿಸ್ಸಿನ ಬೀದಿಯಲ್ಲಿ ಚಳಿಗೆ ಹೆಪ್ಪುಗಟ್ಟಿ ಸತ್ತ ಆಕೆಯ ಕೈಯಲ್ಲಿ ಮನೆ ಖಾಲಿ ಮಾಡಿಸಿದ ಕಾಗದವಿತ್ತು. ಎರಡು ವರ್ಷಗಳ ನಂತರ, 1956ರಲ್ಲಿ, ಚಳಿಗಾಲದಲ್ಲಿ ಬಾಡಿಗೆದಾರರನ್ನು ಹೊರಹಾಕಬಾರದೆಂದು ಫ್ರಾನ್ಸ್ ಕಾನೂನು ಮಾಡಿತು. ಈಗ ಅದು ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಜಾರಿಯಲ್ಲಿರುತ್ತದೆ. ನಮ್ಮಲ್ಲಿ ಚಳಿಯ ಜಾಗದಲ್ಲಿ ಮಳೆಯಿದೆ. ಜುಲೈ ತಿಂಗಳ ರಾತ್ರಿ ಕಾಳಿ ನದಿಯ ಕಡೆಯಿಂದ ಗಾಳಿಮಳೆ ಹೊಡೆಯುತ್ತಿರುವಾಗ, ಕುಡಿದು ಕಾಲು ನಿಲ್ಲದ ಮನುಷ್ಯನನ್ನು ಹೆದ್ದಾರಿಯ ಅಂಚಿಗೆ ತಳ್ಳುವ ಕರಾರಿಗೆ ನಾನು ಸಹಿ ಹಾಕಲಾರೆ.

ತಮ್ಮ (ಕೇಂಬ್ರಿಜ್): ಈ ವಿಷಯದಲ್ಲಿ ಅಕ್ಕನ ಮಾತಿಗೆ ನನ್ನ ಬೆಂಬಲವಿದೆ.

ಭಾವ (ಕಾರವಾರ): ಹಾಗಾದರೆ ಕಲಮನ್ನು ಹೀಗೆ ತಿದ್ದುತ್ತೇನೆ. ಮಾವನವರು ನೋಡಿ ಹೇಳಬೇಕು. "ಆವರಣದಲ್ಲಿ ಮದ್ಯ ಸೇವಿಸಿದವರು ಅಂಗಡಿಯ ಕೆಲಸದಿಂದ ಆ ದಿನ ದೂರವಿರತಕ್ಕದ್ದು. ನಿವಾಸವನ್ನು ತೆರವು ಮಾಡಿಸುವ ಯಾವುದೇ ತೀರ್ಮಾನವನ್ನು ಹಗಲಿನಲ್ಲಿ ಮಾತ್ರ, ಬೇರೆ ಆಶ್ರಯದ ಏರ್ಪಾಡಾದ ನಂತರ ಜಾರಿಗೊಳಿಸತಕ್ಕದ್ದು. ಜೂನ್ 1ರಿಂದ ಸೆಪ್ಟೆಂಬರ್ 30ರವರೆಗೆ ಯಾರನ್ನೂ ತೆರವು ಮಾಡಿಸತಕ್ಕದ್ದಲ್ಲ."

ಚಿಕ್ಕಿ (ಕುಮಟಾ): ಇನ್ನೊಬ್ಬರ ಮೇಲೆ ಕೈ ಮಾಡಿದವರ ಬಗ್ಗೆ ಪ್ರತ್ಯೇಕ ಕಲಂ ಬೇಕು. ಹೆಂಗಸರಿರುವ ಮನೆಯಲ್ಲಿ ಮಳೆಯ ಹೆಸರಿನಲ್ಲಿ ಅಂಥವರನ್ನು ಉಳಿಸಿಕೊಳ್ಳಲಾಗದು. ಆಗ ಪೊಲೀಸರನ್ನೇ ಕರೆಯಬೇಕು.

ದೊಡ್ಡಪ್ಪ (ಶಿರಸಿ): ಅದನ್ನು ಸೇರಿಸಿ. ತಾರೀಖನ್ನು ಅಕ್ಟೋಬರ್ 15 ಎಂದು ತಿದ್ದಿರಿ, ಅಳಿಯಂದಿರೇ. ಸೆಪ್ಟೆಂಬರ್ ಮುಗಿದ ಮೇಲೂ ನಮ್ಮಲ್ಲಿ ಗುಡುಗಿನ ಮಳೆ ಬಿಡುವುದಿಲ್ಲ. ಮೆತ್ತಿನ ಮರದ ತೊಲೆಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ಸಾಮಾನು ಇಡುವ ಮೊದಲು ಬಡಗಿಯನ್ನು ಕರೆದು ನೋಡಿಸಬೇಕು. ಆ ಖರ್ಚು ನನ್ನದು.