ಲ್ಯಾಬಿನ ಹುಡುಗರಷ್ಟೇ ಲಾಗಿನ್ ಆಗೋದು, ಸುಡೋ ಅಪ್‌ಡೇಟ್ ಕಾಯಬಹುದಾ?

ಕೇಳಿದ್ದು: ಡಿಗ್ರಿ ಕಾಲೇಜೊಂದರ ಲ್ಯಾಬು ಈ ತಿಂಗಳು ನನ್ನ ಕೈಗೆ ಬಂದಿದೆ. 40 ಲಿನಕ್ಸ್ ಯಂತ್ರ. ಕೆಲವು ಉಬುಂಟು 20.04, ಕೆಲವು 24.04, ಜೊತೆಗೊಂದು ಸೆಂಟ್‌ಓಎಸ್ 8 ಸರ್ವರ್. ಯಾವುದೂ ಹೊರಗಿನ ನೆಟ್‌ಗೆ ತೆರೆದಿಲ್ಲ. ವಿದ್ಯಾರ್ಥಿಗಳಿಗೆ ರೂಟ್ (ಯಂತ್ರದ ಪೂರ್ಣ ಹಕ್ಕಿನ ಖಾತೆ) ಪಾಸ್‌ವರ್ಡ್ ಗೊತ್ತಿಲ್ಲ. ಸುಡೋಗೆ, ಅಂದರೆ ಅನುಮತಿ ಇದ್ದ ಬಳಕೆದಾರ ರೂಟ್ ಹಕ್ಕಿನಲ್ಲಿ ಕೆಲಸ ಮಾಡಲು ಬಳಸೋ ಪ್ರೋಗ್ರಾಂಗೆ, ಭದ್ರತಾ ಅಪ್‌ಡೇಟ್ ಬಾಕಿ ಇದೆ. "ಹೊರಗಿನವರು ಬರೋದೇ ಇಲ್ಲ, ಪರೀಕ್ಷೆ ಮುಗಿದ ಮೇಲೆ ಅಪ್‌ಡೇಟ್ ಮಾಡಿ" ಅಂತಾರೆ ಮೇಲಿನವರು. ಅನುಭವ ಇದ್ದವರು ಹೇಳಿ.

ಉತ್ತರ: ಕಾಯಬೇಡಿ. ನೀವು ಹೇಳ್ತಿರೋ "ಒಳಗಿನವರು ಮಾತ್ರ" ಅನ್ನೋದೇ ಈ ಜಾತಿಯ, ಅಂದರೆ ಲಾಗಿನ್ ಆದವನನ್ನು ರೂಟ್ ಮಾಡಿಬಿಡೋ, ದೋಷಕ್ಕೆ ಬೇಕಾಗಿರೋದು. ಸುಡೋವನ್ನು ಯಾರೇ ಓಡಿಸಲಿ, ಅದು ರೂಟ್ ಆಗಿಯೇ ಶುರುವಾಗುತ್ತೆ. ಶುರುವಾದ ಮೇಲೆ "ಇವನಿಗೆ ಅನುಮತಿ ಇದೆಯಾ" ಅಂತ ನೋಡುತ್ತೆ. ಕಾವಲುಗಾರನ ಸೊಂಟದಲ್ಲೇ ಬೀಗದ ಕೈ ಗೊಂಚಲು ಇದ್ದ ಹಾಗೆ. ಅವನನ್ನು ಒಂದು ಗಳಿಗೆ ತಬ್ಬಿಬ್ಬು ಮಾಡಿದರೆ ಮನೆಯೇ ಕೈಗೆ ಬಂತು.

2021ರ ಜನವರಿ 26ಕ್ಕೆ ಭದ್ರತಾ ಕಂಪನಿ ಕ್ವಾಲಿಸ್‌ನವರು ಸುಡೋದ ಬ್ಯಾರನ್ ಸೇಮ್‌ಡಿಟ್ ದೋಷ (ಸಿವಿಇ-2021-3156, ಸಿವಿಇ ಅಂದರೆ ದೋಷಗಳ ದಾಖಲೆ ಸಂಖ್ಯೆ) ಬಯಲು ಮಾಡಿದಾಗ ನಾನೂ ಯಾರಿಗೆ ಏನು ಅನುಮತಿ ಅಂತ ಬರೆದಿರೋ ಸುಡೋಯರ್ಸ್ ಫೈಲ್ ತೆರೆದು, ಅದರಲ್ಲಿ ಯಾರ ಹೆಸರೂ ಇಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡಿದ್ದೆ. ಅದು ತಪ್ಪು. ಆ ದೋಷಕ್ಕೆ ಸುಡೋಯರ್ಸ್‌ನಲ್ಲಿ ಹೆಸರೇ ಬೇಕಿರಲಿಲ್ಲ, ಪಾಸ್‌ವರ್ಡೂ ಬೇಕಿರಲಿಲ್ಲ. ಕೊಟ್ಟ ಪದದ ಕೊನೆಯಲ್ಲೊಂದು ಬ್ಯಾಕ್‌ಸ್ಲ್ಯಾಶ್ ಇದ್ದರೆ ಸುಡೋ ಲೆಕ್ಕ ತಪ್ಪಿ, ತನ್ನದಲ್ಲದ ಮೆಮೊರಿಗೆ ಬರೆಯುತ್ತಿತ್ತು. 2011ರ ಜುಲೈನಲ್ಲಿ ಸೇರಿಕೊಂಡ ಕೋಡು ಅದು. ಹತ್ತಿರ ಹತ್ತಿರ ಹತ್ತು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಪರೀಕ್ಷಿಸೋದು ಸುಲಭ. ಸಾಮಾನ್ಯ ಬಳಕೆದಾರನಾಗಿ ಲಾಗಿನ್ ಆಗಿ "ಸುಡೋಎಡಿಟ್ -ಎಸ್ /" ಓಡಿಸಿ. ಉತ್ತರ "ಸುಡೋಎಡಿಟ್:" ಅಂತ ಶುರುವಾದರೆ ದೋಷ ಇದೆ, "ಯೂಸೇಜ್:" ಅಂತ ಬಂದರೆ ತೇಪೆ ಬಿದ್ದಿದೆ. ಆವೃತ್ತಿ ಸಂಖ್ಯೆ ಮಾತ್ರ ನಂಬಬೇಡಿ. ಮೂಲ ಸುಡೋದಲ್ಲಿ ಇದು ಸರಿಯಾಗಿದ್ದು 1.9.5ಪಿ2ನಲ್ಲಿ, ಆದರೆ ಉಬುಂಟು 20.04 ತನ್ನ 1.8.31ಕ್ಕೇ ತೇಪೆ ಹಾಕಿಕೊಟ್ಟಿತು. ಸಂಖ್ಯೆ ಹಳೆಯದು, ಒಳಗೆ ಸರಿಯಾಗಿದೆ.

ಇದು ಗೊತ್ತಿಲ್ಲದೆ ನನ್ನ ಸಹೋದ್ಯೋಗಿಯೊಬ್ಬರು ಸೋರ್ಸ್ ತಂದು ಹೊಸ ಸುಡೋ ಕಟ್ಟಿದರು. ಅದು ಯುಎಸ್‌ಆರ್-ಲೋಕಲ್-ಬಿನ್‌ನಲ್ಲಿ ಕೂತಿತು. ಆವೃತ್ತಿ ಕೇಳಿದರೆ ಹೊಸದನ್ನೇ ತೋರಿಸುತ್ತೆ. ಹಳೆಯದು ಯುಎಸ್‌ಆರ್-ಬಿನ್‌ನಲ್ಲಿ ಸೆಟ್‌ಯುಐಡಿ (ಯಾರು ಓಡಿಸಿದರೂ ಫೈಲ್ ಮಾಲೀಕನ, ಇಲ್ಲಿ ರೂಟ್‌ನ, ಹಕ್ಕು ಕೊಡೋ ಗುರುತು) ಸಮೇತ ಹಾಗೇ ಉಳಿದಿತ್ತು! ಪೂರ್ತಿ ಪಾತ್ ಕೊಟ್ಟು ಕರೆದರೆ ಸಾಕು, ಹಳೆಯದೇ ಓಡುತ್ತೆ. ಆ ಗುರುತಿರೋ ಫೈಲುಗಳನ್ನೆಲ್ಲ ಹುಡುಕೋ "ಫೈಂಡ್ / -ಪರ್ಮ್ -4000" ಓಡಿಸಿ ನೋಡಿದಾಗಲೇ ಎರಡೂ ಕಂಡಿದ್ದು. ನೀವೂ ಪ್ರತಿ ಯಂತ್ರದಲ್ಲೂ ಅದನ್ನು ರೂಟ್ ಆಗಿ ಓಡಿಸಿ, ಬಂದ ಪಟ್ಟಿಯನ್ನು ಒಂದೊಂದೇ ಸಾಲು ಓದಿ.

ಇನ್ನೊಬ್ಬರು: ಆ ಪಟ್ಟಿಯಲ್ಲಿ ಪಿಕೆಎಕ್ಸೆಕ್ ಸಿಕ್ಕೇ ಸಿಗುತ್ತೆ. ಯಾರಿಗೆ ಯಾವ ಅನುಮತಿ ಅಂತ ನೋಡಿಕೊಳ್ಳೋ ಪಾಲ್‌ಕಿಟ್‌ನ ಈ ಪುಟ್ಟ ಪ್ರೋಗ್ರಾಂನಲ್ಲಿದ್ದ ಪ್ವನ್‌ಕಿಟ್ ದೋಷ (ಸಿವಿಇ-2021-4034) 2009ರ ಮೇ ತಿಂಗಳ ಮೊದಲ ಆವೃತ್ತಿಯಿಂದಲೇ ಇತ್ತು. ಹೊರಬಿದ್ದಿದ್ದು 2022ರ ಜನವರಿ 25ಕ್ಕೆ. ನಿಮ್ಮ ಸೆಂಟ್‌ಓಎಸ್ 8ಕ್ಕೆ ಬೆಂಬಲ ನಿಂತಿದ್ದು 2021ರ ಡಿಸೆಂಬರ್ 31ಕ್ಕೆ, ಅಂದರೆ 25 ದಿನ ಮೊದಲು. ಆ ಸರ್ವರ್ ಮೊದಲು ನೋಡಿ. ಬದಲಿಸೋವರೆಗೆ ಪಿಕೆಎಕ್ಸೆಕ್‌ನ ಸೆಟ್‌ಯುಐಡಿ ತೆಗೆದುಬಿಡಿ, ಸಿಎಚ್‌ಮಾಡ್ 0755 ಸಾಕು. ನಾನು ಹಾಗೆ ಮಾಡಿದಾಗ ಡೆಸ್ಕ್‌ಟಾಪ್‌ನಿಂದ ಜಿಪಾರ್ಟೆಡ್ (ಡಿಸ್ಕ್ ಭಾಗ ಮಾಡೋ ಪ್ರೋಗ್ರಾಂ) ತೆರೆಯಲಿಲ್ಲ, ಬೇರೇನೂ ತೊಂದರೆ ಆಗಲಿಲ್ಲ.

ಮತ್ತೊಬ್ಬರು: ಎಲ್ಲರೂ ಸುಡೋದ ದೋಷ ಹೇಳ್ತಿದ್ದೀರಿ. ನಾನು ನೋಡಿದ ಲ್ಯಾಬುಗಳಲ್ಲಿ ಹೆಚ್ಚಿನ ತೂತು ನಾವೇ ಬರೆದ ಸಾಲುಗಳಲ್ಲಿತ್ತು. ವೆಬ್ ಸರ್ವರ್ ಅಪಾಚೆಯ ಕಾನ್ಫಿಗ್ ತಿದ್ದಲಿ ಅಂತ ವಿದ್ಯಾರ್ಥಿಗಳ ಗುಂಪಿಗೆ ಒಂದೇ ಒಂದು ಅನುಮತಿ: ಸುಡೋ ಮೂಲಕ ವಿಮ್ ಎಡಿಟರ್. ಆದರೆ ವಿಮ್ ಒಳಗಿಂದಲೇ ಶೆಲ್ (ಯಾವ ಆಜ್ಞೆಯನ್ನಾದರೂ ಓಡಿಸೋ ಜಾಗ) ತೆರೆಯಬಹುದು, ಆ ಶೆಲ್ಲೂ ರೂಟ್‌ದೇ. ಲೆಸ್, ಫೈಂಡ್ ಕೂಡ ಅಷ್ಟೇ. ನನಗೆ ಇದು ತೋರಿಸಿಕೊಟ್ಟಿದ್ದು ಎರಡನೇ ವರ್ಷದ ಹುಡುಗಿ. ಕೆಟ್ಟದ್ದೇನೂ ಮಾಡದೆ ನೇರ ಬಂದು "ಸರ್, ನೋಡಿ" ಅಂದಳು. ಆ ನಂಬಿಕೆಗೆ ನಾನು ಇವತ್ತಿಗೂ ಋಣಿ. ಫೈಲ್ ತಿದ್ದಲು ಸುಡೋಎಡಿಟ್ ಕೊಡಿ. ಅದು ನಕಲು ತೆಗೆದು, ಎಡಿಟರನ್ನು ಬಳಕೆದಾರನ ಹಕ್ಕಿನಲ್ಲೇ ಓಡಿಸಿ, ಆಮೇಲೆ ಮೂಲಕ್ಕೆ ಬರೆಯುತ್ತೆ.

"ರೂಟ್ ಒಬ್ಬನನ್ನು ಬಿಟ್ಟು ಯಾರಾಗಿ ಬೇಕಾದರೂ ಓಡಿಸು" ಅನ್ನೋ ನಿಯಮವನ್ನೂ ಬರೆಯಬೇಡಿ. 1.8.28ಕ್ಕಿಂತ ಹಿಂದಿನ ಸುಡೋದಲ್ಲಿ ಬಳಕೆದಾರ ಸಂಖ್ಯೆ -1 ಅಂತ ಕೊಟ್ಟರೆ ಆ ನಿಯಮ ದಾಟಿ ರೂಟ್ ಆಗಬಹುದಿತ್ತು.

ಇನ್ನೊಂದು ಮಾತು: 24.04 ಹೊಸದು ಅಂತ ಬಿಡಬೇಡಿ. 2025ರ ಜೂನ್ 30ಕ್ಕೆ ಹೊರಬಂದ ಸಿವಿಇ-2025-32463 ಹೊಡೆದಿದ್ದು 1.9.14ರಿಂದ ಈಚಿನ ಸುಡೋಗಳಿಗೆ. 24.04ರಲ್ಲಿರೋದು 1.9.15ಪಿ5. ಸಿಎಚ್‌ರೂಟ್ (ಒಂದು ಫೋಲ್ಡರನ್ನೇ ಇಡೀ ಯಂತ್ರದ ಬುಡ ಅಂತ ತೋರಿಸೋ) ಆಯ್ಕೆ ಕೊಟ್ಟಾಗ ಸುಡೋ, ಬಳಕೆದಾರನೇ ಕಟ್ಟಿದ ಫೋಲ್ಡರ್‌ನ ಎನ್‌ಎಸ್‌ಸ್ವಿಚ್ ಫೈಲ್ (ಬಳಕೆದಾರರ ಹೆಸರು ಇತ್ಯಾದಿ ಎಲ್ಲಿ ಹುಡುಕಬೇಕು ಅಂತ ಹೇಳೋದು) ಓದಿ, ಅವನಿಟ್ಟ ಲೈಬ್ರರಿಯನ್ನೇ ರೂಟ್ ಆಗಿ ಎತ್ತಿಕೊಳ್ಳುತ್ತಿತ್ತು. ಅದೇ ದಿನ ಇನ್ನೊಂದೂ ಹೊರಬಂತು: 40 ಯಂತ್ರಕ್ಕೂ ಒಂದೇ ಸುಡೋಯರ್ಸ್ ಹಂಚಿ, ಯಂತ್ರದ ಹೆಸರಿನ ಮೇಲೆ ಅನುಮತಿ ಬೇರೆ ಮಾಡಿದ್ದರೆ, ಹೋಸ್ಟ್ ಆಯ್ಕೆಯಿಂದ ಆ ಗಡಿ ದಾಟಬಹುದಿತ್ತು. 20.04ರ ಸಾಮಾನ್ಯ ಬೆಂಬಲ 2025ರ ಮೇನಲ್ಲೇ ಮುಗಿದಿದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೇಳಿದವರು: ಎಲ್ಲರಿಗೂ ವಂದನೆ. ರಾತ್ರಿ ಕೂತು ಸೆಂಟ್‌ಓಎಸ್ ಸರ್ವರ್‌ನ ಪಿಕೆಎಕ್ಸೆಕ್‌ಗೆ 0755 ಹಾಕಿ, ಅದರಲ್ಲಿ ವಿದ್ಯಾರ್ಥಿಗಳ ಲಾಗಿನ್ ನಿಲ್ಲಿಸಿದೆ. 24.04 ಯಂತ್ರಗಳಿಗೆ ಸುಡೋ ಅಪ್‌ಡೇಟ್ ಮಾತ್ರ ಹಾಕಿದೆ, ಒಂದಕ್ಕೂ ರೀಬೂಟ್ ಬೇಕಾಗಲಿಲ್ಲ. ಮೇಲಿನವರ ಹೆದರಿಕೆ ಇದ್ದಿದ್ದೇ ಅಲ್ಲಿ, ನಾಳೆ ಪರೀಕ್ಷೆ ಎಂದಿನಂತೆ ನಡೆಯುತ್ತೆ. ಸುಡೋಯರ್ಸ್ ತೆರೆದರೆ ಹಿಂದಿನವರು ಬರೆದಿಟ್ಟ ವಿಮ್ ಸಾಲು ಇಲ್ಲೂ ಇತ್ತು. ಸುಡೋಯರ್ಸ್ ತಿದ್ದೋ ವಿಸುಡೋದಲ್ಲಿ ಅಳಿಸಿದೆ. 20.04ರ ಯಂತ್ರಗಳನ್ನು ಹೊಸದಕ್ಕೆ ಏರಿಸಲು ಭಾನುವಾರ ಲ್ಯಾಬಿನ ಕೀಲಿ ಕೇಳಿದ್ದೇನೆ.