‘ಮಾಯಾಮೃಗ’ ಅಭಿಮಾನಿಗಳ ಗುಂಪಿಗೆ ಅಮ್ಮನನ್ನು ಸೇರಿಸಲಾ?

ದಾವಣಗೆರೆ ಮಗಳು: 1998ರಲ್ಲಿ ದೂರದರ್ಶನದಲ್ಲಿ ಶುರುವಾದ ಟಿ.ಎನ್. ಸೀತಾರಾಮ್ ಅವರ ಈ ಧಾರಾವಾಹಿ ಅಂದ್ರೆ ಅಮ್ಮನಿಗೆ ಪ್ರಾಣ. ಆಗ ಅಕ್ಕಪಕ್ಕದವರೆಲ್ಲ ನಮ್ಮನೆಯಲ್ಲೇ ಕೂತು, ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ ನೋಡುತ್ತಿದ್ದರು. ಈಗ ಮಾತಾಡೋಕೆ ಯಾರೂ ಇಲ್ಲ. ವಾಟ್ಸಾಪ್ ಗುಂಪಿಗೆ ಸೇರಿಸಿದರೆ ನಂಬರ್ ಎಲ್ಲರಿಗೂ ಸಿಗುತ್ತದೆ ಅಲ್ವಾ?

ಕೋಟೆ ಹುಡುಗ, ಚಿತ್ರದುರ್ಗ: ಹೌದು ಅಕ್ಕ, ಸಿಗುತ್ತದೆ. ಟೆಲಿಗ್ರಾಂ ವಾಸಿ, ಸೆಟ್ಟಿಂಗ್ಸ್‌ನಲ್ಲಿ ನಂಬರ್ ಯಾರಿಗೂ ಕಾಣದ ಹಾಗೆ ಮಾಡಬಹುದು. ಫೇಸ್‌ಬುಕ್ ಗುಂಪಾದರೆ ಸೇರುವಾಗ ಒಂದೆರಡು ಪ್ರಶ್ನೆ ಕೇಳುತ್ತಾರೆ, ಖಾಲಿ ಬಿಡಬೇಡಿ, ಎಷ್ಟೋ ಅಡ್ಮಿನ್‌ಗಳು ಉತ್ತರ ನೋಡಿಯೇ ಒಳಗೆ ಬಿಡೋದು.

ಹರಿಹರದ ಅತ್ತಿಗೆ: ಮೊದಲು ನಾಲ್ಕು ದಿನ ಸುಮ್ನೆ ಓದಲಿ. ಮೊದಲ ಸಲ ನೋಡುತ್ತಿರುವ ಹುಡುಗರೂ ಇರುತ್ತಾರೆ, ಮುಂದಿನ ಕಥೆ ಹೇಳಿಬಿಟ್ಟರೆ ಅವರಿಗೆ ಬೇಜಾರು.

ದಾವಣಗೆರೆ ಮಗಳು: ಟೆಲಿಗ್ರಾಂ ಹಾಕಿಕೊಟ್ಟೆ. ಅಮ್ಮ ಆಗಲೇ ಕನ್ನಡಕ ಹುಡುಕುತ್ತಿದ್ದಾರೆ!