ಕ್ರಿಸ್‌ಮಸ್ ಮರ ಕಡಿಯಲು ಹೋದವರು ಅನುಭವ ಹೇಳಿ: ತೋಟವೋ, ಕಾಡೋ?

ಹಿಲ್ಸ್‌ಬರೋ ಹೊಸಬ: ಆಗಸ್ಟ್‌ನಲ್ಲಿ ಅಮೆರಿಕದ ಆರೆಗನ್‌ಗೆ ಬಂದೆವು. ಮಗಳು ನಾಲ್ಕನೇ ಕ್ಲಾಸು. ಅವಳ ಗೆಳತಿಯರ ಮನೆಗಳಲ್ಲಿ ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಮುಗಿದ ಕೂಡಲೇ ಮನೆಮಂದಿಯೆಲ್ಲ ಹೋಗಿ, ಮರ ಆರಿಸಿ, ತಾವೇ ಕಡಿದು ತರುತ್ತಾರಂತೆ. ನಮಗೂ ಬೇಕು ಅಂತ ಹಟ. ಮರದ ತೋಟಕ್ಕೆ ಹೋಗೋದಾ, ಮರ ಕಡಿಯೋ ಪರ್ಮಿಟ್ ತಗೊಂಡು ಮೌಂಟ್ ಹುಡ್ ಸರ್ಕಾರಿ ಕಾಡಿಗೆ ಹೋಗೋದಾ? ನಮ್ಮದು ಹಳೇ ಕೊರೊಲ್ಲಾ ಕಾರು, ಬಾಡಿಗೆ ಅಪಾರ್ಟ್‌ಮೆಂಟ್, ಸೀಲಿಂಗ್ 8 ಅಡಿ.

ಬೀವರ್ಟನ್ ಅಪ್ಪ: ನಾನು 2022ರಲ್ಲಿ ತೋಟಕ್ಕೆ ಹೋದೆ. ಹೊಲದಲ್ಲಿ ನಿಂತ ಮರ ನಿಮ್ಮ ಕಣ್ಣಿಗೆ ಆರಡಿ ಕಾಣುತ್ತೆ, ಮನೆಗೆ ತಂದ ಮೇಲೆ ಒಂಬತ್ತೂವರೆ. ಬುಡ ಸ್ಟ್ಯಾಂಡಿಗೆ ಕೂರಲಿಲ್ಲ. ಕಾಯಿ ಒಡೆಯೋ ಕತ್ತಿಯಲ್ಲಿ ಸುತ್ತಲೂ ತೊಗಟೆ ಕೆತ್ತಿದೆ. ಅದೇ ತಪ್ಪು, ನೀರು ಕುಡಿಯೋದು ಆ ಹೊರ ಪದರವೇ ಅಂತೆ. ಡಿಸೆಂಬರ್ 18ಕ್ಕೆ ಮುಟ್ಟಿದರೆ ಸೂಜಿ ಉದುರುತ್ತಿತ್ತು. ಲೆಕ್ಕ ಬರೆದಿಟ್ಟಿದ್ದೇನೆ: ಮರ 96 ಡಾಲರ್, ಮೊದಲ ಸ್ಟ್ಯಾಂಡ್ 42, ದೊಡ್ಡ ಸ್ಟ್ಯಾಂಡ್ 65, ನಾಲ್ಕು ಹಾಟ್ ಚಾಕೊಲೇಟ್ 20. ಒಟ್ಟು 223. ಕಾರಿನ ಮೇಲಿನ ಗೀರು ಬೇರೆ. ಅದಕ್ಕಿಂತ ನಾಚಿಕೆ ಅಂದರೆ, ಮರವನ್ನು ಕಾರಿನ ಮೇಲೆ ಕಟ್ಟುವಾಗ ನಾಲ್ಕೂ ಬಾಗಿಲು ಮುಚ್ಚಿಕೊಂಡು ಕಿಟಕಿಗಳ ಮೂಲಕ ಹಗ್ಗ ಸುತ್ತಿದ್ದೆ. ಬಾಗಿಲು ತೆಗೆಯೋಕೆ ಬರಲಿಲ್ಲ. ಮಾವನವರು ಆಗ ಇಲ್ಲೇ ಇದ್ದರು, ಎಪ್ಪತ್ತು ವರ್ಷದ ಮನುಷ್ಯ ಕಿಟಕಿಯಿಂದ ನುಸುಳಿ ಕೂತರು. ಈಗಲೂ ಮೈಸೂರಿನಿಂದ ಫೋನ್ ಮಾಡಿದಾಗೆಲ್ಲ ಅದನ್ನೇ ಕೇಳುತ್ತಾರೆ.

ಗ್ರೆಶಮ್ ಅಮ್ಮ: 96 ಡಾಲರಾ! ತೋಟದ ಮರ ಅಂದರೆ ವರ್ಷ ವರ್ಷ ಕತ್ತರಿ ಹಾಕಿಸಿಕೊಂಡು ಕೋನ್ ಥರ ಬೆಳೆದದ್ದು, ಹಬ್ಬಕ್ಕೆ ಕ್ಷೌರ ಮಾಡಿಸಿಕೊಂಡ ಹುಡುಗನ ಹಾಗೆ. ನಾವು ಐದು ವರ್ಷದಿಂದ ಕಾಡಿಗೇ ಹೋಗೋದು. ಪರ್ಮಿಟ್ 5 ಡಾಲರ್, ಆನ್‌ಲೈನ್ ಶುಲ್ಕ 2.50. ಮೊದಲ ವರ್ಷ ಮಂಡಿಯುದ್ದ ಹಿಮ. ನಾಲ್ಕು ಗಂಟೆ ಸುತ್ತಿದೆವು. ಮಗನಿಗೆ ಯಾವುದೂ ಒಪ್ಪಿಗೆ ಇಲ್ಲ, ಒಂದರ ತುದಿ ಸೊಟ್ಟ, ಇನ್ನೊಂದು ಒಂದು ಕಡೆ ಬೋಳು. ಕೊನೆಗೆ ಸಿಕ್ಕಿದ ನೋಬಲ್ ಫರ್ ಜಾತಿಯ ಮರಕ್ಕೆ ನಮ್ಮವರು ಗರಗಸ ಹಾಕಿದರು, ಅರ್ಧಕ್ಕೆ ಸಿಕ್ಕಿಕೊಂಡಿತು. ಮರದ ಭಾರ ಅದರ ಮೇಲೇ ಕೂತಿತ್ತು. ನಾನು ಹಿಮದಲ್ಲಿ ಮಲಗಿ ಕಾಲಿನಿಂದ ಒದ್ದು ಬಾಗಿಸಿದೆ, ಆಗ ಬಂತು. ಕೊಂಬೆಗಳ ನಡುವೆ ಜಾಗ ಇರುತ್ತೆ, ದೀಪ ತೂಗು ಹಾಕಿದರೆ ಎಷ್ಟು ಚಂದ ಗೊತ್ತಾ. ನಾಲ್ಕನೇ ಕ್ಲಾಸಿನ ಮಕ್ಕಳಿದ್ದರೆ ಪರ್ಮಿಟ್ ಫ್ರೀ, 2.50 ಮಾತ್ರ ಕೊಡಬೇಕು. ನನಗೆ ಗೊತ್ತಾಗಿದ್ದು ಮಗ ಐದಕ್ಕೆ ಹೋದ ಮೇಲೆ. ಆ 5 ಡಾಲರ್ ಇನ್ನೂ ಹೊಟ್ಟೆ ಉರಿಸುತ್ತೆ.

ಬೀವರ್ಟನ್ ಅಪ್ಪ: ನಿಮ್ಮ 7.50ರಲ್ಲಿ ಟೈರ್ ಚೈನ್, ಹಿಮದ ಜಾಗದಲ್ಲಿ ಕಾರು ನಿಲ್ಲಿಸೋ ಸ್ನೋ ಪಾರ್ಕ್ ಪರ್ಮಿಟ್, ಪೆಟ್ರೋಲ್ ಸೇರಿದೆಯಾ? ಹೋದ ವರ್ಷ ಕನ್ನಡ ಕೂಟದ ಊಟದಲ್ಲಿ ನೀವೇ ಕೆಟ್ಟ ಕಾರು ಎಳೆಯೋ ಟೋ ಟ್ರಕ್ ಕಥೆ ಹೇಳಿದ ನೆನಪು.

ಗ್ರೆಶಮ್ ಅಮ್ಮ: ಟೋ ಟ್ರಕ್ ಕರೆಸಿದ್ದು ಬ್ಯಾಟರಿಗೆ. ಮರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಪ್ಲಾಸ್ಟಿಕ್ ಮರದವ, ಸ್ಯಾನ್ ಹೋಸೆ: ಸುಮ್ನೆ ಯಾಕೆ ಒಂದು ಜೀವ ತೆಗೀತೀರಾ? 2015ರಲ್ಲಿ ನಾವೂ ತಂದಿದ್ದೆವು. ನಾಲ್ಕನೇ ದಿನ ಹೀಟರ್ ಬಿಸಿಗೆ ಮರದಿಂದ ಕಪ್ಪು ಹುಳ ಇಳಿಯಿತು, ನೂರಾರು. ರಕ್ತ ಹೀರೋ ಉಣ್ಣಿ ಅಂತ ಹೆದರಿ ಮಗುವನ್ನು ಎತ್ತಿಕೊಂಡು ಹೊರಗೆ ಓಡಿದೆ. ಆಮೇಲೆ ಗೊತ್ತಾಯ್ತು, ಗಿಡಹೇನು ಅನ್ನೋ ಗಿಡದ ರಸ ಹೀರೋ ಹುಳ, ಮನುಷ್ಯರನ್ನು ಕಚ್ಚೋದಿಲ್ಲ. ಗೋಡೆ ಮೇಲೆ ಹಿಸುಕಿದರೆ ಕಲೆ. ಬಾಡಿಗೆ ಮನೆ ಬಿಡುವಾಗ ಆ ಗೋಡೆಗೆ 180 ಡಾಲರ್ ಹಿಡಿದುಕೊಂಡರು. ಮಾರನೇ ವರ್ಷ ಡಿಸೆಂಬರ್ 26ಕ್ಕೆ ಅರ್ಧ ಬೆಲೆಯಲ್ಲಿ ಪ್ಲಾಸ್ಟಿಕ್ ತಗೊಂಡೆ. ಇನ್ನೂ ಅದೇ ನಡೀತಿದೆ.

ಸೇಲಂ (ಆರೆಗನ್) ರೈತನ ಪಕ್ಕದ ಮನೆ: ಜೀವ ತೆಗೆಯೋದಂತೆ! ಇದು ಬೆಳೆ ಸ್ವಾಮಿ. ಆಯುಧ ಪೂಜೆಗೆ ಬಾಳೆಕಂದು ಕಡಿದು ಕಾರಿಗೆ ಕಟ್ಟುವಾಗ ಈ ಕರುಣೆ ಎಲ್ಲಿರುತ್ತೆ? ಆರಡಿ ಮರ ಆಗೋಕೆ ಏಳೆಂಟು ವರ್ಷ ಬೇಕು. 2021ರ ಜೂನ್ ಬಿಸಿಲು ನೆನಪಿದೆಯಲ್ವಾ, ಪೋರ್ಟ್‌ಲ್ಯಾಂಡಿನಲ್ಲೇ 46 ಡಿಗ್ರಿ ದಾಟಿತ್ತು. ಪಕ್ಕದ ತೋಟದಲ್ಲಿ ಆ ವಸಂತದಲ್ಲಿ ನೆಟ್ಟ ಸಸಿಗಳು ಮೂರೇ ದಿನಕ್ಕೆ ತುಕ್ಕಿನ ಬಣ್ಣಕ್ಕೆ ತಿರುಗಿದವು. ಆ ತೋಟದ ಮುದುಕ ರೈತ ಬೇಲಿ ಹತ್ತಿರ ನಿಂತು ಒಂದೊಂದನ್ನೇ ಕಿತ್ತು ನೋಡುತ್ತಿದ್ದ. 96 ಡಾಲರ್ ಅಂತ ಅಳೋರು ಅದನ್ನು ನೋಡಬೇಕಿತ್ತು.

ಬೀವರ್ಟನ್ ಅಪ್ಪ: ನಾನು ಅಳಲಿಲ್ಲ, ಲೆಕ್ಕ ಹೇಳಿದೆ.

ಸಿಯಾಟಲ್ ಮಂಗಳೂರಿಗ: ಎಲ್ಲರದೂ ಡಾಲರ್, ಅಡಿ, ಹುಳ. ಹಬ್ಬ ಯಾರದು ಅಂತ ಒಬ್ಬರೂ ಹೇಳಲಿಲ್ಲ. ನಮ್ಮಲ್ಲಿ ಅಪ್ಪ ಗಾಳಿ ಮರದ ಕೊಂಬೆ ತರುತ್ತಿದ್ದರು, ಹತ್ತಿ ಉಂಡೆ ಅಂಟಿಸಿದರೆ ಅದೇ ಹಿಮ. ಮರಕ್ಕಿಂತ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಮುಖ್ಯ. ಎರಡು ವಾರ ಮುಂಚೆ ಡಬ್ಬಿಯಲ್ಲಿ ರಾಗಿ ಚೆಲ್ಲಿ ಮೊಳಕೆ ಬರಿಸಿ, ಅದೇ ಗೋದಲಿಯ ಹುಲ್ಲುಗಾವಲು. ಡಿಸೆಂಬರ್ 24ರ ಸಂಜೆಗೆ ಮುಂಚೆ ನಮ್ಮ ಮನೆಯಲ್ಲಿ ಮರ ನಿಲ್ಲಿಸುತ್ತಿರಲಿಲ್ಲ, ಜನವರಿ 6ರವರೆಗೆ ತೆಗೆಯುತ್ತಲೂ ಇರಲಿಲ್ಲ. ಇಲ್ಲಿ ನವೆಂಬರ್‌ನಲ್ಲೇ ನಿಲ್ಲಿಸಿ 26ಕ್ಕೆ ಬೀದಿಗೆ ಎಸೀತಾರೆ.

ಪ್ಲಾಸ್ಟಿಕ್ ಮರದವ, ಸ್ಯಾನ್ ಹೋಸೆ: ಗಾಳಿ ಮರ ಅಂದರೆ ಸರ್ವೆ ತಾನೇ? ಅದಕ್ಕೆ ವಾಸನೆಯೇ ಇಲ್ಲ. ಬೆಂಗಳೂರಿನಲ್ಲಿ ನಮ್ಮ ಓನರ್ ಆಂಟಿ ಕುಂಡದ ಅರಾಕೇರಿಯಾ ಗಿಡವನ್ನೇ ಪ್ರತಿ ವರ್ಷ ಒಳಗೆ ತರುತ್ತಿದ್ದರು, ಕಡಿಯೋ ಮಾತೇ ಇಲ್ಲ.

ಸಿಯಾಟಲ್ ಮಂಗಳೂರಿಗ: ಪ್ಲಾಸ್ಟಿಕ್ ಇಟ್ಟುಕೊಂಡವರು ವಾಸನೆ ಬಗ್ಗೆ ಮಾತಾಡಬಾರದು.

ಹಿಲ್ಸ್‌ಬರೋ ಹೊಸಬ: ಎಲ್ಲರಿಗೂ ಥ್ಯಾಂಕ್ಸ್. ಗ್ರೆಶಮ್ ಅಕ್ಕ, ನಾಲ್ಕನೇ ಕ್ಲಾಸಿಗೆ ಫ್ರೀ ಅಂದಿರಲ್ಲ, ಅದಕ್ಕೆ ಎಲ್ಲಿ ಕೇಳಬೇಕು?

ಗ್ರೆಶಮ್ ಅಮ್ಮ: ಹೇಳುತ್ತೇನೆ. ಮೊದಲು ಅವರು ಟೋ ಟ್ರಕ್ ಮಾತು ವಾಪಸ್ ತಗೊಳ್ಳಲಿ.